ಚಂದ್ರಂಪಳ್ಳಿಯಲ್ಲಿ ಒಂದು ರಾತ್ರಿ

ಗಾಡಿ ಶಹಾಬಾದಿನಲ್ಲಿ ನಿಂತಿದೆ. ಕಾರ್ತಿಕದ ಮುಂಜಾನೆ, ಕಿಟಕಿಯ ಸರಳು ಮುಟ್ಟಿದರೆ ಇನ್ನೂ ತಣ್ಣಗೆ. ಹಳಿಯಾಚೆ ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಪರ್ಸಿ ಕಲ್ಲುಗಳು, ಸಾಲಿನ ಹಿಂದೆ ಸಾಲು. ಬೂದಿ ಬಣ್ಣದವು, ಕೆಲವಕ್ಕೆ ನಸು ಹಸಿರು ಛಾಯೆ. ಉತ್ತರ ಕರ್ನಾಟಕದಲ್ಲಿ ಬೆಳೆದವರಾದರೆ ನೀವು ಅಂಬೆಗಾಲಿಟ್ಟದ್ದು ಬಹುಶಃ ಇದೇ ಕಲ್ಲಿನ ಮೇಲೆ. ಶಾಲೆಯ ವರಾಂಡ, ತಹಶೀಲ್ದಾರರ ಕಚೇರಿ, ಬಸ್ ನಿಲ್ದಾಣ, ಮಠದ ಊಟದ ಪಡಸಾಲೆ, ಎಲ್ಲ ಕಡೆ ಕಾಲಿನ ಕೆಳಗೆ ಇದ್ದದ್ದು ಇದು. ಮುಂಬೈ, ಪುಣೆ, ಹೈದರಾಬಾದಿನ ಹಳೆಯ ಮನೆಗಳಿಗೂ ಹೋಯಿತು. ಮೇ ತಿಂಗಳ ಮಧ್ಯಾಹ್ನ ಅಂಗಿ ತೆಗೆದು ಬರಿಮೈಯಲ್ಲಿ ಪರ್ಸಿಯ ಮೇಲೆ ಮಲಗಿದವರಿಗೆ ಈ ಸೀಮೆಯ ಸುಖ ಎಂದರೆ ಏನೆಂದು ಬೇರೆ ಹೇಳಬೇಕಿಲ್ಲ.

ಈ ಕಲ್ಲನ್ನು ಗಣಿಯಲ್ಲಿ ಎಬ್ಬಿಸುವುದನ್ನು ಒಮ್ಮೆ ಹತ್ತಿರ ನಿಂತು ನೋಡಬೇಕು. ಮೇಲಿನ ಕರಿಮಣ್ಣು ತೆಗೆದರೆ ಕೆಳಗೆ ನೆಲಕ್ಕೆ ನೆಲವೇ ಪದರ ಪದರವಾಗಿ ಮಲಗಿರುತ್ತದೆ. ಕೆಲಸಗಾರ ಉಳಿಯಿಂದ ಗೆರೆ ಹೊಡೆದು, ಪದರದ ಸಂದಿಗೆ ಹಾರಿ ಕೊಟ್ಟು ಮೈಭಾರ ಬಿಡುತ್ತಾನೆ. ಒಂದು ಸಣ್ಣ ಟಕ್ ಶಬ್ದ. ಅಂಗೈ ದಪ್ಪದ ಹಾಳೆ ಸೀಳದೆ, ಚೂರಾಗದೆ ಮೇಲೇಳುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು, ಅದರ ತಳದಲ್ಲಿ ಕೂತ ಸುಣ್ಣದ ಕೆಸರೇ ಹೀಗೆ ಕಲ್ಲಾಗಿದೆ. ಭೂವಿಜ್ಞಾನಿಗಳು ಇದನ್ನು ಭೀಮಾ ಜಲಾನಯನದ ಸುಣ್ಣಕಲ್ಲು ಎನ್ನುತ್ತಾರೆ. ನೆಲಕ್ಕೆ ಹಾಸಿದರೆ ಪರ್ಸಿ, ಅರೆದು ಸುಟ್ಟರೆ ಸಿಮೆಂಟು. ಶಹಾಬಾದ್, ವಾಡಿ, ಚಿತ್ತಾಪುರ, ಮಳಖೇಡ, ಸೇಡಂ ಸುತ್ತಮುತ್ತ ಸಿಮೆಂಟ್ ಕಾರ್ಖಾನೆಗಳು ಒತ್ತೊತ್ತಾಗಿ ನಿಂತದ್ದು ಈ ಕಾರಣಕ್ಕೇ.

ನೀವು ಹೊರಟಿರುವುದು ಎದುರು ನೀರಿಗೆ. ಶಹಾಬಾದಿನ ಹತ್ತಿರ ಹೊನಗುಂಟಾದಲ್ಲಿ ಕಾಗಿಣಾ ನದಿ ಭೀಮೆಗೆ ಸೇರುತ್ತದೆ. ಅಲ್ಲಿಂದ ಮೇಲಕ್ಕೆ ಮಳಖೇಡ, ಸೇಡಂ ಸೀಮೆ. ಕಾಗಿಣೆಗೆ ಬಂದು ಕೂಡುವ ಮುಲ್ಲಾಮಾರಿ ಹಿಡಿದು ಇನ್ನೂ ಮೇಲೆ ಹೋದರೆ ಚಿಂಚೋಳಿ. ಮುಲ್ಲಾಮಾರಿಗೆ ಸೇರುವ ಸರನಾಲಾ ಹಳ್ಳಕ್ಕೆ ಗುಡ್ಡಗಳ ನಡುವೆ ಕಟ್ಟಿದ್ದು ಚಂದ್ರಂಪಳ್ಳಿ ಅಣೆಕಟ್ಟು. ಅದರ ಹಿನ್ನೀರಿನ ದಂಡೆಯ ಕಾಡಿನಲ್ಲಿ, ಅರಣ್ಯ ಇಲಾಖೆಯ ಪ್ರಕೃತಿ ಶಿಬಿರದಲ್ಲಿ, ಇವತ್ತಿನ ರಾತ್ರಿ ನಿಮ್ಮ ವಸತಿ.

ವಾಡಿಯಲ್ಲಿ ಇಳಿದು ಗಾಡಿ ಬದಲಿಸಬೇಕು. ಮುಂಬೈಯಿಂದ ರಾಯಚೂರಿಗೆ ಹೋಗುವ ಹಳಿ 1871ರಲ್ಲಿ ಮುಗಿಯಿತು. ನಿಜಾಮರ ರಾಜ್ಯದ ಹಳಿ ಸಿಕಂದರಾಬಾದಿನಿಂದ ಬಂದು ಅದಕ್ಕೆ ಕೂಡಿದ್ದು 1874ರಲ್ಲಿ. ಆ ಕೂಡುವಿಕೆಯಿಂದ ಹುಟ್ಟಿದ ಊರು ವಾಡಿ. ಎ.ಸಿ.ಸಿ. ಸಿಮೆಂಟ್ ಕಾರ್ಖಾನೆ ಬಂದದ್ದು 1968ರಲ್ಲಿ. ಪ್ಲಾಟ್‌ಫಾರ್ಮಿನಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ ಒಟ್ಟೊಟ್ಟಿಗೆ ಕಿವಿಗೆ ಬೀಳುತ್ತವೆ. ಕಾಗದದ ಮೇಲೆ ಸುಸಲಾ, ಜೊತೆಗೆ ಈಗಷ್ಟೇ ಎಣ್ಣೆಯಿಂದ ಎತ್ತಿದ ಎರಡು ಮಿರ್ಚಿ. ಬಾಯಿ ಸುಡುತ್ತದೆ, ಆದರೂ ಕೈ ನಿಲ್ಲುವುದಿಲ್ಲ.

ಸೇಡಂ ಗಾಡಿಯಲ್ಲಿ ಎದುರಿಗೆ ಕೂತವರು ರಾತ್ರಿ ಪಾಳಿ ಮುಗಿಸಿ ಊರಿಗೆ ಹೊರಟವರು. ಕಣ್ಣಿನ ಕೆಳಗೆ ನಿದ್ದೆ ಇಳಿದಿದೆ, ಮಡಿಲಲ್ಲಿ ಖಾಲಿ ಊಟದ ಡಬ್ಬಿ.

“ಯಾ ಕಡಿ ಹೊಂಟೀರಿ?”

“ಚಂದ್ರಂಪಳ್ಳಿಗ್ರಿ.”

“ಏನ್ ಕೆಲಸ ಇತ್ತು ಅಲ್ಲಿ?”

“ಕೆಲಸೇನಿಲ್ರಿ. ಒಂದು ರಾತ್ರಿ ಇದ್ದು ಬರೋದು, ಅಷ್ಟೇ.”

ಅವರು ಒಂದು ಕ್ಷಣ ನಿಮ್ಮ ಮುಖ ನೋಡುತ್ತಾರೆ. “ಚಲೋ ಮಾಡಿದ್ರಿ. ನಾನೂ ಮಕ್ಕಳನ್ನ ಒಮ್ಮೆ ಕರಕೊಂಡು ಹೋಗಬೇಕಂತ ಎರಡು ವರ್ಷ ಆಯ್ತು. ಸುಟ್ಟಿ ಸಿಕ್ರ ರೊಕ್ಕ ಇರಂಗಿಲ್ಲ, ರೊಕ್ಕ ಇದ್ರ ಸುಟ್ಟಿ ಸಿಗಂಗಿಲ್ಲ.” ಇಷ್ಟು ಹೇಳಿ ತಲೆಯನ್ನು ಕಿಟಕಿಗೆ ಒರಗಿಸಿ ಅಲ್ಲೇ ನಿದ್ದೆ ಹೋಗುತ್ತಾರೆ.

ಆ ಮಾತು ನಿಮ್ಮ ಜೊತೆ ಬರುತ್ತದೆ. ಈ ನೆಲ ನಾಡಿಗೆಲ್ಲ ಕಲ್ಲು ಕೊಟ್ಟಿದೆ, ಸಿಮೆಂಟು ಕೊಟ್ಟಿದೆ, ಬೇಳೆ ಕೊಟ್ಟಿದೆ. ಇಲ್ಲಿಯ ದುಡಿಯುವ ಜನಕ್ಕೆ ಒಂದು ದಿನ ಕಾಲು ಚಾಚಲು ಹಸಿರಿನ, ನೀರಿನ ಒಂದು ತಾವು ಬೇಕೇ ಬೇಕು. ಬೇಸಿಗೆಯಲ್ಲಿ 44 ಡಿಗ್ರಿ ದಾಟುವ ಊರುಗಳಲ್ಲಿ ಅದನ್ನು ಶೋಕಿ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಚಿತ್ತಾಪುರ ದಾಟುತ್ತೀರಿ. ಊರಿನ ಪಕ್ಕದಲ್ಲೇ ನಾಗಾವಿ. ಕಲ್ಯಾಣದ ಚಾಲುಕ್ಯರ ಕಾಲದ ಘಟಿಕಾಸ್ಥಾನ ಅಲ್ಲಿತ್ತು. ಅಲ್ಲಿಯ 1058ರ ಶಾಸನ ವಿದ್ಯಾರ್ಥಿಗಳ, ಅಧ್ಯಾಪಕರ ಜೊತೆಗೆ ಗ್ರಂಥಗಳನ್ನು ನೋಡಿಕೊಳ್ಳುವ ಸರಸ್ವತೀ ಭಂಡಾರಿಗರನ್ನೂ ಲೆಕ್ಕಕ್ಕೆ ಹಿಡಿದು ದತ್ತಿ ಹೇಳುತ್ತದೆ. ಆಮೇಲೆ ಮಳಖೇಡ ರೋಡ್ ಸ್ಟೇಷನ್. ಊರು ಸ್ಟೇಷನ್ನಿನಿಂದ ದೂರ, ಕಾಗಿಣೆಯ ದಂಡೆಗೆ. ರಾಷ್ಟ್ರಕೂಟರ ಮಾನ್ಯಖೇಟ ಅದೇ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಅರವತ್ತು ವರ್ಷಕ್ಕೂ ಮೀರಿ ಆಳಿದ್ದು ಆ ನೀರನ್ನು ಕುಡಿದು. ಚಂದ್ರಂಪಳ್ಳಿಯ ತೂಬು ದಾಟಿ ಮುಲ್ಲಾಮಾರಿಗೆ ಇಳಿದ ನೀರು ಕಡೆಗೆ ಆ ಊರಿನ ಕೋಟೆಯ ಮಗ್ಗುಲಿಗೇ ಹೋಗುತ್ತದೆ.

ಸೇಡಮ್ಮಿನಿಂದ ಬಸ್ಸು. ಕಲ್ಯಾಣ ಕರ್ನಾಟಕ ಸಾರಿಗೆಯ ಕೆಂಪು ಗಾಡಿ ಊರು ಬಿಟ್ಟದ್ದೇ ತಡ, ಎರಡೂ ಕಡೆ ತೊಗರಿ. ಹೊಲ ಆಳೆತ್ತರಕ್ಕೆ ಬಂದಿದೆ, ಮೇಲೆಲ್ಲ ಹಳದಿ ಹೂವು, ಕೆಲವು ಎಸಳುಗಳ ಬೆನ್ನಿಗೆ ಕೆಂಪು ಗೆರೆ. ಕಿಟಕಿಯಿಂದ ಬರುವ ಗಾಳಿಗೆ ಹಸಿ ಬೇಳೆಯ ಕಮಟು ವಾಸನೆ. ಇನ್ನೊಂದು ತಿಂಗಳಿಗೆ ಕಾಯಿ ತುಂಬುತ್ತವೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು. ಇದರ ಬೇಳೆ ಬೇಗ ಬೇಯುತ್ತದೆ, ರುಚಿ ಬೇರೆ ಎಂದು ಇಲ್ಲಿಯ ಹೆಣ್ಣುಮಕ್ಕಳು ಅದಕ್ಕೂ ಮೊದಲೇ ಹೇಳುತ್ತಿದ್ದರು. ಸುಣ್ಣದಂಶ ತುಂಬಿದ ಕರಿಮಣ್ಣಿನ ಗುಣ ಅದು. ಕಲ್ಲೂ ಬೇಳೆಯೂ ಒಂದೇ ನೆಲದ ಮಕ್ಕಳು.

ಸುಲೇಪೇಟದಲ್ಲಿ ಅರ್ಧ ಬಸ್ಸು ಇಳಿಯುತ್ತದೆ, ಅಷ್ಟೇ ಜನ ಹತ್ತುತ್ತಾರೆ. ಅದನ್ನು ದಾಟಿದ ಮೇಲೆ ನೆಲದ ಬಣ್ಣ ಬದಲಾಗತೊಡಗುತ್ತದೆ. ಕರಿ ತೆಳುವಾಗಿ ಕಂದು, ಕಂದು ಹೋಗಿ ಕೆಂಪು. ದಿಗಂತದಲ್ಲಿ ತಲೆ ಚಪ್ಪಟೆಯಾದ ಗುಡ್ಡಗಳು ಏಳುತ್ತವೆ. ಬೀದರಿನ ಕಡೆಯಿಂದ ಬಂದ ಕೆಂಪು ಜಂಬಿಟ್ಟಿಗೆಯ ಸೀಮೆ ಇದು. ನೀರು ಕುಡಿದು ಹಿಡಿದಿಟ್ಟು ನಿಧಾನಕ್ಕೆ ಬಿಡುವ ಕಲ್ಲು. ಅದಕ್ಕೇ ಇಲ್ಲಿ ಕಾಡು ಉಳಿದಿದೆ.

ಚಿಂಚೋಳಿ. ಎರಡು ಸಲ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರ ಊರು. ಬಸ್ ನಿಲ್ದಾಣದ ಹೊರಗೆ ತಾಂಡಾದಿಂದ ಬಂದ ಲಂಬಾಣಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿದ್ದಾರೆ. ಸೀತಾಫಲ. ಕಣ್ಣು ಬಿಟ್ಟ ಹಣ್ಣು ಒಂದನ್ನು ಆರಿಸಿ ಅಂಗೈಯಲ್ಲಿ ಒತ್ತಿದರೆ ಅದೇ ಎರಡು ಹೋಳಾಗುತ್ತದೆ. ಒಳಗೆ ಬಿಳಿ ತಿರುಳು, ಮರಳು ಮರಳು ಸಿಹಿ, ಕರಿ ಬೀಜ ನಾಲಿಗೆಯಿಂದ ಜಾರಿ ಬರುತ್ತವೆ. ನೀವು ಅಲ್ಲೇ ನಿಂತು ಎರಡು ತಿನ್ನುತ್ತೀರಿ, ನಾಲ್ಕು ಚೀಲಕ್ಕೆ ಹಾಕಿಸಿಕೊಳ್ಳುತ್ತೀರಿ. ಆ ತಾಯಿ ಐದನೆಯದೊಂದನ್ನು ದುಡ್ಡಿಲ್ಲದೆ ಮೇಲಿಡುತ್ತಾಳೆ. ಈ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಮನೆಗೆ ಮನೆಯೇ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುತ್ತದೆ. ಮುದುಕರೂ ಮಕ್ಕಳೂ ಇಲ್ಲಿ ಉಳಿಯುತ್ತಾರೆ. ಈ ಬುಟ್ಟಿಯ ಹಣ್ಣು ಕೆಲವು ಮನೆಗಳಿಗೆ ಕೈಗೆ ಸಿಗುವ ನಗದು.

ಅಲ್ಲಿಂದ ಆಟೋದಲ್ಲಿ ಅರ್ಧ ತಾಸು. ರಸ್ತೆ ತಿರುವು ತೆಗೆದುಕೊಂಡು ಕಾಡಿಗೆ ಇಳಿದದ್ದೇ ತಡ ಗಾಳಿ ತಂಪಾಗುತ್ತದೆ. ಸಾಗವಾನಿಯ ಅಗಲ ಎಲೆಗಳು ಇನ್ನೂ ಹಸಿರಿವೆ, ಅಂಚಿನಲ್ಲಿ ಮಾತ್ರ ಒಣಗಲು ಶುರು. ದಿಂಡಿಗ, ಮುತ್ತುಗ, ಟೆಂಬುರ್ಣಿ. ಆಟೋದವರು ಸದ್ದು ಕಡಿಮೆ ಮಾಡಿ, “ನೋಡ್ರಿ, ಇಲ್ಲಿಂದ ಫೋನ್ ಹತ್ತಂಗಿಲ್ಲ,” ಅನ್ನುತ್ತಾರೆ. ಆಮೇಲೆ ಒಂದು ಏರು, ಏರಿನ ಆಚೆ ನೀರು.

ಬಯಲುಸೀಮೆಯವರಿಗೆ ಇಷ್ಟೊಂದು ನೀರನ್ನು ಒಮ್ಮೆಗೇ ನೋಡಿದಾಗ ಆಗುವುದನ್ನು ಬೇರೆ ಸೀಮೆಯವರಿಗೆ ವಿವರಿಸುವುದು ಕಷ್ಟ. ಕಲಬುರಗಿ ಜಿಲ್ಲೆಯ ಸರಾಸರಿ ಮಳೆ 800 ಮಿಲಿಮೀಟರಿಗಿಂತ ಕಡಿಮೆ. ಕೊಡ ಹೊತ್ತು ಬೆಳೆದ ತಾಯಂದಿರ ಮಕ್ಕಳು ನಾವು. ಎದುರಿಗೆ ಸುತ್ತ ಗುಡ್ಡ, ನಡುವೆ ಗುಡ್ಡದ ಬುಡಗಳನ್ನೆಲ್ಲ ಸುತ್ತಿಕೊಂಡು ಮೂಲೆ ಮೂಲೆಗೆ ಹೊಕ್ಕ ನೀರು. ಮಳೆಗಾಲ ಈಗಷ್ಟೇ ಮುಗಿದಿದೆ, ಜಲಾಶಯ ತುಂಬಿದೆ. ಅಲ್ಲಲ್ಲಿ ಮುಳುಗದೆ ಉಳಿದ ದಿಬ್ಬಗಳು ನಡುಗಡ್ಡೆಯಾಗಿ ನಿಂತಿವೆ. ನೀವು ಚೀಲವನ್ನು ಕೆಳಗಿಡುವುದನ್ನೂ ಮರೆತು ನಿಲ್ಲುತ್ತೀರಿ.

“ಬರ್ರಿ ಸರ, ಮೊದಲ ಹೆಸರು ಬರೀರಿ, ಆಮ್ಯಾಲ ನೋಡೀರಂತ. ನೀರೆಲ್ಲಿ ಓಡಿ ಹೋಗ್ತದ?” ಶಿಬಿರದ ಕಾವಲುಗಾರರು ರಿಜಿಸ್ಟರು ಮುಂದಿಡುತ್ತಾರೆ.

ಕೋಣೆಯಲ್ಲಿ ಬೇಕಾದಷ್ಟೇ ಇದೆ. ಮಂಚ, ಒಗೆದು ಬಿಸಿಲಿಗೆ ಒಣಗಿಸಿದ ಚಾದರ, ಒಂದು ಕುರ್ಚಿ, ಬಾಗಿಲು ತೆಗೆದರೆ ಮರಗಳ ಸಂದಿನಲ್ಲಿ ನೀರು. ಟಿ.ವಿ. ಇಲ್ಲ. ಊಟ ಹೊತ್ತಿಗೆ ಬರುತ್ತದೆ. ನಡುವೆ ಮಾಡಲು ಏನೂ ಇಲ್ಲ, ಮತ್ತು ನೀವು ಬಂದಿರುವುದೇ ಅದಕ್ಕೆ.

ಬಿಸಿಲು ಇಳಿದ ಮೇಲೆ ದೋಣಿ. ಕಿತ್ತಳೆ ಬಣ್ಣದ ಜಾಕೆಟ್ಟಿನ ಪಟ್ಟಿಯನ್ನು ಕಾವಲುಗಾರರೇ ಎಳೆದು ಬಿಗಿಯುತ್ತಾರೆ. ದಂಡೆ ಬಿಟ್ಟ ಮೇಲೆ ಕಿವಿಗೆ ಕೇಳುವುದು ನೀರು ಸರಿಯುವ ಸದ್ದು ಮಾತ್ರ. ಒಣಗಿದ ಮರದ ತುದಿಗೆ ನೀರುಕಾಗೆಗಳು ರೆಕ್ಕೆ ಹರವಿ ಕೂತಿವೆ. ಒಂದು ಮಿಂಚುಳ್ಳಿ ನೇರ ಕೆಳಗೆ ಬಿದ್ದು, ಬಾಯಲ್ಲಿ ಬೆಳ್ಳನೆಯದೊಂದನ್ನು ಹಿಡಿದು, ಬಂದ ಕೊಂಬೆಗೇ ಮರಳುತ್ತದೆ. ನೀರಿಗೆ ಕೈ ಬಿಡುತ್ತೀರಿ. ಮೇಲೆ ಬೆಚ್ಚಗೆ, ಮಣಿಕಟ್ಟಿನ ಆಳಕ್ಕೆ ತಣ್ಣಗೆ. ಮೂರು ಊರಿನ ಧೂಳು ಬೆರಳ ಸಂದಿನಿಂದ ಬಿಟ್ಟು ಹೋಗುತ್ತದೆ.

ದೋಣಿ ಇಳಿದು ಶಿಬಿರದ ಹಿಂದಿನ ಇಳಿಜಾರಿಗೆ ಹತ್ತುತ್ತೀರಿ. ಅಲ್ಲಿ ಮರ ಕಡಿಮೆ, ಹುಲ್ಲೇ ಹೆಚ್ಚು. ಮೊಣಕಾಲಿನ ಮೇಲಕ್ಕೆ ಬಂದ ಹುಲ್ಲು ತುದಿಯಲ್ಲಿ ಬಂಗಾರಕ್ಕೆ ತಿರುಗಿದೆ. ಗಾಳಿ ಬಂದಾಗ ಇಡೀ ಇಳಿಜಾರು ಒಂದೇ ಕಡೆಗೆ ಮೈ ಬಗ್ಗಿಸಿ ಏಳುತ್ತದೆ. ಇನ್ನು ಸ್ವಲ್ಪ ದಿನಕ್ಕೆ ಇದು ಕರಡ ಆಗುತ್ತದೆ, ದನಗಾಹಿಗಳ ಬೇಸಿಗೆಯ ಬದುಕು.

ಇಲ್ಲಿ ನಿಂತಾಗ ನನಗೆ ಬೇರೆ ಬಗೆಯ ಹುಲ್ಲಿನ ನೆನಪಾಗುತ್ತದೆ. ನಂದಿಬೆಟ್ಟದ ಬುಡದ ಪ್ರೆಸ್ಟೀಜ್ ಗಾಲ್ಫ್‌ಶೈರನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. 275 ಎಕರೆ, 18 ಕುಳಿಗಳ ಮೈದಾನ, 2022ರಲ್ಲಿ ಬಾಗಿಲು ತೆರೆದ 301 ಕೋಣೆಗಳ ಜೆ.ಡಬ್ಲ್ಯು. ಮ್ಯಾರಿಯಟ್ ರೆಸಾರ್ಟು, ಅದರೊಳಗೆ ಸ್ಪಾ. ಗಾಲ್ಫ್ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ಬು 1876ರದು, ಕೋಲಾರದ ಚಿನ್ನದ ಗಣಿಯವರೂ ಆಡಿದರು. ಕುಳಿಯ ಸುತ್ತಲ ಹುಲ್ಲನ್ನು ನಾಲ್ಕೈದು ಮಿಲಿಮೀಟರಿಗೆ ಕತ್ತರಿಸಿ, ನೀರುಣಿಸಿ, ದಿನವೂ ಸವರಿ ಕಾಪಾಡುವುದು ದೊಡ್ಡ ಕೆಲಸ, ಅದನ್ನು ಮಾಡುವ ಮಾಲಿಗಳ ಕೈಚಳಕ ಸಣ್ಣದಲ್ಲ. ಅಲ್ಲಿಗೆ ಹೋಗುವವರು ಹುಡುಕುವುದೂ ಇದನ್ನೇ: ಕಣ್ಣಿಗೆ ಹಸಿರು, ಪಕ್ಕದಲ್ಲಿ ನೀರು, ಮೈಗೆ ಎಣ್ಣೆ, ಯಾರೂ ಕರೆಯದ ಒಂದು ದಿನ. ಆ ಬಯಕೆ ವಾಡಿಯ ಪಾಳಿ ಕೆಲಸಗಾರನಿಗೂ ಅಷ್ಟೇ ಇದೆ. ಅವನಿಗೆ ಆ ಬಾಡಿಗೆ ಆಗದು. ಅಂಥ ಹಸಿರಿಗೆ ಬೇಕಾದ ನೀರು ಈ ಸೀಮೆಗೆ ಆಗದು.

ಈ ಹುಲ್ಲಿಗೆ ಯಾರೂ ನೀರು ಹಾಕುವುದಿಲ್ಲ. ಮಳೆ ಬಂದಷ್ಟರಲ್ಲಿ ಎದ್ದು, ಬೀಜ ಉದುರಿಸಿ, ಒಣಗಿ, ಮತ್ತೆ ಬೇರಿನಿಂದ ಏಳುತ್ತದೆ. ದಾಖಲೆ ಪತ್ರಗಳಲ್ಲಿ ಇಂಥ ನೆಲಕ್ಕೆ ಬಹಳ ಕಾಲ ಇದ್ದ ಹೆಸರು ಬೀಳು, ಬಂಜರು. ಬೀಳು ಎಂದು ಬರೆದ ನೆಲವನ್ನು ಕೇಳಿದವರಿಗೆ ಕೊಡುವುದು ಸುಲಭ. ಆದರೆ ತೋಳ, ನರಿ, ಚಿಗರಿ, ಕತ್ತೆಕಿರುಬಗಳ ಮನೆ ಇದೇ ಬೀಳು. ದಟ್ಟ ಕಾಡು ಅವಕ್ಕೆ ಬೇಕಿಲ್ಲ. 2011ರಲ್ಲಿ ಇಲ್ಲಿಯ 134.88 ಚದರ ಕಿಲೋಮೀಟರನ್ನು ಚಿಂಚೋಳಿ ವನ್ಯಜೀವಿಧಾಮ ಎಂದು ಘೋಷಿಸಿದರು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮ ಎಂದು ಇದನ್ನು ಹೇಳುತ್ತಾರೆ. ಕಲಬುರಗಿ ಜಿಲ್ಲೆಯ ಇತ್ತೀಚಿನ ಚರಿತ್ರೆಯಲ್ಲಿ ಇದಕ್ಕಿಂತ ದೂರದೃಷ್ಟಿಯ ಕೆಲಸ ಹೆಚ್ಚು ಆಗಿಲ್ಲ ಎಂದೇ ನನ್ನ ಭಾವನೆ. ಕಲ್ಲಿದ್ದಲ್ಲೆಲ್ಲ ಅಗೆಯುವ ಸೀಮೆಯಲ್ಲಿ ಒಂದಿಷ್ಟು ನೆಲವನ್ನು ಇದ್ದ ಹಾಗೆ ಇರಲಿ ಎಂದು ಬಿಟ್ಟದ್ದು ಸಣ್ಣ ಮಾತಲ್ಲ.

“ನೀವು ತೋಳ ನೋಡೀರೇನ್ರಿ?”

“ತ್ವಾಳ? ನೋಡೀನ್ರಿ. ಅದು ನಮ್ಮನ್ನ ನೋಡಿದ್ದು ಹೆಚ್ಚು.” ಕಾವಲುಗಾರರು ಕೆಂಪು ಮಣ್ಣಿನಲ್ಲಿ ಬಗ್ಗಿ ಒಂದು ಗುರುತು ತೋರಿಸುತ್ತಾರೆ. ನಾಲ್ಕು ಬೆರಳು, ಮುಂದೆ ಉಗುರಿನ ಚುಕ್ಕಿ, ಹಿಂದೆ ಅಂಗಾಲಿನ ದಿಂಡು. “ಇದು ನರಿ. ಮುಂಜಾನಿ ಹಾದುಹೋಗ್ಯಾದ. ಅಂಚು ಇನ್ನೂ ಉದುರಿಲ್ಲ ನೋಡ್ರಿ.” ಅವರ ಬೆರಳು ಗುರುತಿನ ಅಂಚಿನ ಮೇಲೆ ಮುಟ್ಟದೆ ಸುತ್ತುತ್ತದೆ.

ಕತ್ತಲಾಗುವ ಹೊತ್ತಿಗೆ ಅಡಿಗೆಮನೆಯಿಂದ ಪಟ್ ಪಟ್ ಸದ್ದು. ಯಾರೂ ಕರೆಯದಿದ್ದರೂ ನೀವು ಹೋಗಿ ಬಾಗಿಲಲ್ಲಿ ನಿಲ್ಲುತ್ತೀರಿ. ಅಡಿಗೆಯ ಅಕ್ಕ ಜೋಳದ ಹಿಟ್ಟಿಗೆ ಕುದಿನೀರು ಹಾಕಿ ಕೊಣಮಿಗೆಯಲ್ಲಿ ಅಂಗೈ ಬುಡದಿಂದ ನಾದುತ್ತಿದ್ದಾರೆ. ಚೆನ್ನಾಗಿ ನಾದದಿದ್ದರೆ ಅಂಚು ಸೀಳುತ್ತದೆ. ಉಂಡೆ ಮಾಡಿ, ಒಣಹಿಟ್ಟು ಉದುರಿಸಿ, ಎರಡೂ ಕೈಯಿಂದ ಬಡಿಯುತ್ತ ತಿರುಗಿಸುತ್ತಾರೆ. ರೊಟ್ಟಿ ತಾನೇ ಸುತ್ತುತ್ತ ಅಗಲವಾಗುತ್ತದೆ. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ನೀರು ಆರುವ ಹೊತ್ತಿಗೆ ಮಗುಚಿ, ಕಡೆಗೆ ಕೆಂಡದ ಎದುರಿಗೆ ನಿಲ್ಲಿಸಿದಾಗ ಒಳಗಿನ ಹಬೆ ರೊಟ್ಟಿಯನ್ನು ಎರಡು ಪದರಾಗಿ ಉಬ್ಬಿಸುತ್ತದೆ. ಇದು ಇಲ್ಲಿಯ ಮನೆಮನೆಯ ವಿದ್ಯೆ, ಇದಕ್ಕೆ ಸರ್ಟಿಫಿಕೇಟು ಯಾರೂ ಕೊಟ್ಟಿಲ್ಲ.

ತಟ್ಟೆಗೆ ರೊಟ್ಟಿ, ಎಣ್ಣಿಗಾಯಿ ಬದನೆಕಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಗುದ್ದಿ ಒಡೆದ ಉಳ್ಳಾಗಡ್ಡಿ. ಬೇಳೆಯನ್ನು ಕೇಳಿ ಎರಡನೆಯ ಸಲ ಹಾಕಿಸಿಕೊಳ್ಳುತ್ತೀರಿ.

“ಇನ್ನೊಂದು ರೊಟ್ಟಿ ಹಾಕಸ್ಕೋರಿ ಅಣ್ಣಾ. ಸಣ್ಣವು ಅವ.”

“ಸಾಕಕ್ಕಾ. ಹೊಟ್ಟಿ ತುಂಬೇದ.”

“ಊರಾಗ ಉಂಡಂಗ ಉಣ್ಣಬ್ಯಾಡ್ರಿ. ಇಲ್ಲಿ ರಾತ್ರಿ ಉದ್ದ ಇರ್ತದ.”

ಅವರು ಹತ್ತಿರದ ತಾಂಡಾದವರು. ಗಂಡ, ಮಗ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ. ಮೊದಲು ತಾವೂ ಹೋಗುತ್ತಿದ್ದರಂತೆ, ಸಿಮೆಂಟು ಬುಟ್ಟಿ ಹೊರುವುದಕ್ಕೆ. ಇಲ್ಲಿ ಕೆಲಸ ಸಿಕ್ಕ ಮೇಲೆ ಬಿಟ್ಟರು. “ಅಲ್ಲಿ ಮಂದಿ ಮನಿ ಕಟ್ಟತಿದ್ವಿ. ಇಲ್ಲಿ ಮಗಳು ಸಾಲಿಗಿ ಹೋಗ್ತಾಳ, ಸಂಜಿಗಿ ನನ್ನ ಮುಂದ ಇರ್ತಾಳ.” ವಾಡಿ, ಸೇಡಮ್ಮಿನ ಸಿಮೆಂಟು ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲೆಲ್ಲ ಹಿಂದೆ ಹಿಂದೆ ಈ ತಾಂಡಾಗಳ ಜನವೂ ಹೋಗಿದ್ದಾರೆ. ಕಾಡು ನೋಡಲು ಬರುವ ಹತ್ತು ಜನಕ್ಕೆ ರೊಟ್ಟಿ ಬಡಿಯುವುದರಿಂದ ಒಂದು ಮನೆ ಊರಲ್ಲೇ ನಿಲ್ಲುತ್ತದೆ ಎಂದಾದರೆ, ಇಂಥ ಶಿಬಿರಗಳಿಗೆ ಸರ್ಕಾರ ಹಾಕುವ ದುಡ್ಡು ದಂಡವಲ್ಲ. ದೊಡ್ಡದು ಮಾಡಬೇಕಿಲ್ಲ. ಇರುವುದನ್ನು ಅಚ್ಚುಕಟ್ಟಾಗಿ ನಡೆಸಿದರೆ, ಊರಿನವರಿಗೇ ಕೆಲಸ ಕೊಟ್ಟರೆ, ಬಾಡಿಗೆ ಪಾಳಿ ಕೆಲಸಗಾರನ ಕೈಗೆ ಎಟುಕುವಷ್ಟಿದ್ದರೆ ಸಾಕು.

ರಾತ್ರಿ ನಿಜವಾಗಿಯೂ ಉದ್ದ. ದೀಪ ಆರಿದ ಮೇಲೆ ಕಣ್ಣು ಹೊಂದಿಕೊಳ್ಳಲು ಹೊತ್ತು ಹಿಡಿಯುತ್ತದೆ. ಆಮೇಲೆ ಆಕಾಶ ಒಮ್ಮೆಗೇ ತುಂಬಿಕೊಳ್ಳುತ್ತದೆ. ಕೃತ್ತಿಕೆ ನೆತ್ತಿಯ ಕಡೆಗೆ ಏರುತ್ತಿದೆ. ಹಾಲುಹಾದಿ ಮಸುಕಾಗಿ ಉದ್ದಕ್ಕೆ ಬಿದ್ದಿದೆ. ಕಾರ್ಖಾನೆಯ ದೀಪಗಳ ಊರಿನಲ್ಲಿ ಬೆಳೆಯುವ ಮಕ್ಕಳಿಗೆ ಇದನ್ನು ಒಮ್ಮೆ ತೋರಿಸಬೇಕು ಎಂದು ಅನಿಸುತ್ತದೆ. ದಂಡೆಯ ಕಡೆಯಿಂದ ಟಿಟ್ಟಿಭ ಎರಡು ಸಲ ಕೂಗಿ ಸುಮ್ಮನಾಗುತ್ತದೆ. ನತ್ತಿಂಗದ ಚುಕ್ ಚುಕ್ ದೂರದಲ್ಲಿ, ಬಿಡದೆ. ಚಾದರದ ಮೇಲೆ ಕಂಬಳಿ ಬೇಕಾಗುತ್ತದೆ. ಮಲಗಿದ್ದು ಯಾವಾಗ ಎಂದು ನಿಮಗೇ ಗೊತ್ತಾಗುವುದಿಲ್ಲ.

ಬೆಳಗಿಗೆ ಎಬ್ಬಿಸುವುದು ನವಿಲು. ಅದರ ಹಿಂದೆ ಗೌಜಗ, ಆಮೇಲೆ ಎಲ್ಲವೂ ಒಟ್ಟಿಗೆ. ಬಾಗಿಲು ತೆಗೆದರೆ ನೀರಿನ ಮೇಲೆ ಮಂಜು, ನಡುಗಡ್ಡೆಗಳ ಬುಡ ಕಾಣುವುದಿಲ್ಲ. ಹಂಡೆಯ ಕೆಳಗೆ ಕಟ್ಟಿಗೆ ಉರಿಯುತ್ತಿದೆ. “ನೀರು ಕಾದಾವ್ರಿ, ಎರಕೋರಿ,” ಎಂದು ಕೂಗು ಬರುತ್ತದೆ. ನೀವು ಮನೆಯಿಂದಲೇ ಕೊಬ್ಬರಿ ಎಣ್ಣೆಯ ಸಣ್ಣ ಸೀಸೆ ತಂದಿದ್ದೀರಿ. ನೆತ್ತಿಗೆ, ಕಿವಿಯ ಹಿಂದೆ, ಹಿಮ್ಮಡಿಗೆ, ಬೆರಳ ಸಂದಿಗೆ ಹಚ್ಚಿ ಮೆಟ್ಟಿಲ ಮೇಲೆ ಎಳೆ ಬಿಸಿಲಿಗೆ ಕೂರುತ್ತೀರಿ. ನರಕ ಚತುರ್ದಶಿಯ ನಸುಕಿನಲ್ಲಿ ಅವ್ವ ಹಚ್ಚುತ್ತಿದ್ದಾಗ ಚಳಿಗೆ ಓಡಿಹೋಗುತ್ತಿದ್ದೆವು, ಈಗ ಅದಕ್ಕಾಗಿಯೇ ಇಷ್ಟು ದೂರ ಬರುತ್ತೇವೆ. ಮೊದಲ ತಂಬಿಗೆ ಬಿಸಿನೀರು ಬೆನ್ನ ಮೇಲೆ ಬೀಳುತ್ತದೆ. ನೀರಿಗೆ ಹೊಗೆಯ ವಾಸನೆ ಹತ್ತಿದೆ. ಭುಜದಲ್ಲಿ ಎಷ್ಟು ದಿನದಿಂದಲೋ ಕಟ್ಟಿ ಕೂತಿದ್ದ ಗಂಟು ಬಿಟ್ಟಿತು ಎಂದು ಮೈಯೇ ಹೇಳುತ್ತದೆ.

ತಿಂಡಿಗೆ ಅವಲಕ್ಕಿ, ಚಹಾ. ಕಾವಲುಗಾರರು ಸುತ್ತಮುತ್ತಲಿನ ಹೆಸರುಗಳನ್ನು ಹೇಳುತ್ತ ಹೋಗುತ್ತಾರೆ. ಕಾಡಿನೊಳಗೆ ಗೊಟ್ಟಂಗೊಟ್ಟ. ತೆಲಂಗಾಣದ ಗಡಿಗೆ ಕೊಂಚಾವರಂ, ಅಲ್ಲಿಯ ಕಾಡಿಗೆ ಹೋದರೆ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಎತ್ತಿಪೋತ ಜಲಪಾತ ಮಳೆಗಾಲದಲ್ಲೇ ನೋಡಬೇಕು, ಆಗ ಕೆಂಪು ನೀರು ಬಂಡೆಯ ಮೇಲಿಂದ ಬಿದ್ದಾಗ ಮಾತು ಕೇಳಿಸುವುದಿಲ್ಲ. ಬೇಸಿಗೆಗೆ ಇಲ್ಲಿಗೆ ಯಾಕೆ ಬರಬೇಕು ಎಂದು ನೀವು ಕೇಳಿದರೆ ಅವರು ಎದುರಿನ ಕೊಂಬೆಗಳನ್ನು ತೋರಿಸುತ್ತಾರೆ. “ಶಿವರಾತ್ರಿ ಟೈಮಿಗಿ ಬರ್ರಿ. ಎಲಿ ಒಂದೂ ಇರಂಗಿಲ್ಲ. ಬರೇ ಮುತ್ತಲ ಹೂವು. ಗುಡ್ಡಕ್ಕ ಉರಿ ಹತ್ತೇದಂತ ತಿಳೀಬೇಕು, ಹಂಗ.”

ಚೀಲ ಕಟ್ಟಿ ಹೊರಗೆ ಬರುವ ಹೊತ್ತಿಗೆ ಗೇಟಿನಲ್ಲಿ ಗದ್ದಲ. ಇಂದು ಭಾನುವಾರ. ಶಹಾಬಾದ್ ಕಡೆಯಿಂದ ಎರಡು ಕ್ರೂಸರ್ ತುಂಬ ಜನ ಬಂದಿದ್ದಾರೆ. ಇಬ್ಬರು ಮೂವರು ಅಜ್ಜಿಯರು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ ತಾಯಂದಿರು, ಇಳಿಯುವ ಮೊದಲೇ ಜಿಗಿದ ಮಕ್ಕಳು. ಅವು ನೀರನ್ನು ಕಂಡದ್ದೇ ಚಪ್ಪಲಿ ಬಿಟ್ಟು ಓಡುತ್ತವೆ.

“ಏ, ನಿಲ್ರೋ! ಜಾಕೆಟ್ ಇಲ್ದ ಯಾರೂ ನೀರಿನ ಹತ್ತಿರ ಹೋಗಬಾರದು!” ಕಾವಲುಗಾರರು ಕಿತ್ತಳೆ ಜಾಕೆಟ್ಟುಗಳನ್ನು ತೋಳಿಗೆ ಏರಿಸಿಕೊಂಡು ಹಿಂದೆ ಓಡುತ್ತಾರೆ. ಒಬ್ಬಳು ಅಜ್ಜಿ ದಂಡೆಯ ಕಲ್ಲಿನ ಮೇಲೆ ಕೂತು, ಎರಡೂ ಕೈಯಿಂದ ಮೊಣಕಾಲು ನೀವಿಕೊಂಡು, ಕಾಲನ್ನು ನೀರಿಗೆ ಬಿಟ್ಟು, “ಯಪ್ಪಾ, ಎಟ್ಟು ತಣ್ಣಗದ,” ಎಂದು ಜೋರಾಗಿ ನಗುತ್ತಾಳೆ.

ಕ್ರೂಸರಿನ ಯಜಮಾನರು ಅಡಿಗೆಮನೆಯ ಬಾಗಿಲಿಗೆ ಬಂದಿದ್ದಾರೆ. “ಅಕ್ಕಾ, ಮಧ್ಯಾಹ್ನ ಊಟ ಸಿಗ್ತದೇನ್ರಿ?”

“ಎಷ್ಟು ಮಂದಿ ಅದೀರಿ?”

“ಹದಿನಾಲ್ಕು. ಸಣ್ಣವನ್ನ ಬಿಟ್ಟು.”

“ಸಣ್ಣವನ್ನ ಬಿಡಬ್ಯಾಡ್ರಿ. ನೀರಾಗ ಆಡಿ ಬಂದ್ರ ಅವೇ ಹೆಚ್ಚು ಉಣ್ತಾವ.” ಅಕ್ಕ ಹಿಟ್ಟಿನ ಡಬ್ಬಿಯನ್ನು ಎಳೆದು ಮುಂದಿಟ್ಟುಕೊಂಡು, ಒಲೆಗೆ ಇನ್ನೆರಡು ಕಟ್ಟಿಗೆ ಒಟ್ಟುತ್ತಾರೆ.